ಕುಟ್ಟದ ಮಳೆಗಾಲ, ಕರೆಂಟಿಲ್ಲದ ಫ್ರಿಜ್ಜು, ಮಗುವಿನ ಆಂಟಿಬಯೋಟಿಕ್

ಎರಡು ವರ್ಷದ ಮಗುವನ್ನು ಕಟ್ಟಿಕೊಂಡು ಮೈಸೂರಿನಿಂದ ಕೊಡಗಿನ ಗಡಿಯೂರು ಕುಟ್ಟದ ಕಡೆ ವರ್ಗವಾಗಿ ಬರುತ್ತಿದ್ದೀರಿ. "ಅಲ್ಲಿ ಹೇಗೂ ಚಳಿ, ಕರೆಂಟ್ ಹೋದರೆ ಸಿರಪ್ ಹೊರಗೇ ಇಡಬಹುದಲ್ವಾ?" ಅಂತ ಕೇಳಿದ್ದೀರಿ. ಅದು ಯಾವ ಸಿರಪ್ ಅನ್ನೋದರ ಮೇಲೆ ಹೋಗುತ್ತೆ.

ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಡ್ರೈ ಸಿರಪ್, ಅಂದರೆ ಪುಡಿಯಾಗಿ ಬರುವ ಆಂಟಿಬಯೋಟಿಕ್, ನೀರು ಬೆರೆಸಿದ ಮೇಲೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು, 7 ದಿನಕ್ಕೆ ಮುಗಿಯಬೇಕು. ಜುಲೈಯ ಕೊರೆಯುವ ಚಳಿಯಲ್ಲೂ ಇಲ್ಲಿನ ಮನೆಯೊಳಗೆ ಅಷ್ಟು ತಂಪಿರುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೂ ಕೆಲಸಕ್ಕೆ ಬಾರದು. ಗಾಳಿಯೇ ತೇವವಾಗಿರುವಾಗ ನೀರು ಆರುವುದಿಲ್ಲ, ಆರದೆ ತಂಪಾಗುವುದಿಲ್ಲ. ತೋಟದ ಮೇಲೆ ಮರ ಬಿದ್ದು ಲೈನ್ ತುಂಡಾದರೆ ಕರೆಂಟು ಒಂದೆರಡು ಗಂಟೆಗೆ ಬರುತ್ತೆ ಅಂತ ನಂಬಬೇಡಿ, ದಿನಗಟ್ಟಲೆ ಬರದೇ ಇರಬಹುದು. ಹಾಗಾಗಿ ಡಾಕ್ಟರ ಮುಂದೆ ಕೂತಾಗಲೇ "ನಮ್ಮಲ್ಲಿ ಫ್ರಿಜ್ಜು ನೆಚ್ಚುವ ಹಾಗಿಲ್ಲ, ಡಿಟಿ ಮಾತ್ರೆ ಆಗುತ್ತಾ?" ಅಂತ ಕೇಳಿ. ನೀರಲ್ಲಿ ಕರಗುವ ಮಕ್ಕಳ ಮಾತ್ರೆ ಅದು. ಚಮಚದಷ್ಟು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಆಗಲೇ ಕುಡಿಸುವುದು. ಒಂದೇ ಎಚ್ಚರಿಕೆ: ಕ್ಲಾವುಲನೇಟ್ ತೇವ ಹೀರುತ್ತೆ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಿಟ್ಟರೆ ನಮ್ಮ ಮಳೆಗಾಲದಲ್ಲಿ ಬೇಗ ಕೆಡುತ್ತವೆ. ಕೊಡುವ ಹೊತ್ತಿಗೆ ಮಾತ್ರ ಬಿಡಿಸಿ.

ಕ್ಲಾವುಲನೇಟ್ ಇಲ್ಲದ ಬರೀ ಅಮಾಕ್ಸಿಸಿಲಿನ್ ಇಷ್ಟು ಹಠಮಾರಿಯಲ್ಲ. ಬಾಟಲಿ ಮೇಲಿನ ಸೂಚನೆ ಒಪ್ಪಿದರೆ ಹೊರಗಿಡಬಹುದು. ಡಾಕ್ಟರು 10 ಕಿಲೋ ಮಗುವಿಗೆ ಹೊತ್ತಿಗೆ 400 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 5 ದಿನ ಅಂತ ಬರೆದರು ಅಂದುಕೊಳ್ಳಿ. 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಸಿರಪ್ ಆದರೆ ಹೊತ್ತಿಗೆ 8 ಎಂಎಲ್, ಒಟ್ಟು 80 ಎಂಎಲ್. ಅಂದರೆ 30 ಎಂಎಲ್‌ನ ಮೂರು ಬಾಟಲಿ. ಮೂರನ್ನೂ ಒಟ್ಟಿಗೆ ಕಲಸಬೇಡಿ. ಒಂದು ಮುಗಿದ ಮೇಲೆ ಇನ್ನೊಂದು. ಪುಡಿಯಾಗಿರುವ ತನಕ ಅದಕ್ಕೆ ಫ್ರಿಜ್ಜು ಬೇಡ. ಅಂಗಡಿಯವರು ಒಂದೇ ಬಾಟಲಿ ಕೊಟ್ಟರೆ ಎರಡನೇ ದಿನಕ್ಕೇ ಖಾಲಿ. "ಜ್ವರ ಇಳಿದಿದೆಯಲ್ಲ" ಅಂತ ಕೋರ್ಸ್ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಹೀಗೇ.

ಕಲಸುವಾಗ ಬಾಟಲಿಯನ್ನು ಕೈಗೆ ತಟ್ಟಿ ಪುಡಿ ಸಡಿಲ ಮಾಡಿ. ಕುದಿಸಿ ಪೂರ್ತಿ ಆರಿದ ನೀರನ್ನು ಅರ್ಧ ಹಾಕಿ ಕುಲುಕಿ, ನೊರೆ ಇಳಿಯುವವರೆಗೆ ಕಾದು, ಆಮೇಲೆ ಗುರುತಿನವರೆಗೆ ತುಂಬಿಸಿ. ನೊರೆಯನ್ನೇ ಮಟ್ಟ ಅಂದುಕೊಂಡರೆ ನೀರು ಕಡಿಮೆ ಬಿದ್ದು ಔಷಧಿ ಗಟ್ಟಿಯಾಗುತ್ತೆ. ಮಳೆಗಾಲದ ಕೆಂಪು ಬಾವಿನೀರನ್ನು ಸೋಸಿ, ಕುದಿಸಿಯೇ ಬಳಸಿ. ಕಲಸಿದ ತಾರೀಖನ್ನು ಬಾಟಲಿ ಮೇಲೆ ಬರೆಯಿರಿ.

ಇನ್ನು ಗಡಿಯ ವಿಷಯ. ಕುಟ್ಟದವರಿಗೆ ಮಡಿಕೇರಿಗಿಂತ ಕೇರಳದ ಮಾನಂದವಾಡಿ ಹತ್ತಿರ, ತೋಲ್ಪೆಟ್ಟಿ ದಾಟಿದರೆ ಆಯಿತು. ಚೀಟಿ ಅಲ್ಲಿಯದು, ಔಷಧಿ ಇಲ್ಲಿಯದು ಆಗುವುದು ಮಾಮೂಲು. ಚೀಟಿಯಲ್ಲಿ "5 ಎಂಎಲ್" ಅಂತಷ್ಟೇ ಇದ್ದು, ಕೈಗೆ ಬಂದ ಬಾಟಲಿಯ ಶಕ್ತಿ ಬೇರೆಯಾದರೆ ಡೋಸು ಅರ್ಧವೋ ಎರಡರಷ್ಟೋ ಆಗುತ್ತೆ. 5 ಎಂಎಲ್‌ಗೆ ಅಮಾಕ್ಸಿಸಿಲಿನ್ 125, 250 ಮಿಲಿಗ್ರಾಂ ಎರಡೂ ಇದೆ, ಅಜಿತ್ರೋಮೈಸಿನ್ 100, 200 ಎರಡೂ ಇದೆ, ಡಬ್ಬಿ ನೋಡಲು ಹೆಚ್ಚುಕಮ್ಮಿ ಒಂದೇ ಥರ. ಮಿಲಿಗ್ರಾಂ ಬರೆಸಿಕೊಳ್ಳಿ. ಮಗುವಿನ ಇವತ್ತಿನ ತೂಕವನ್ನೂ ಹೇಳಿ, ಅಂಗನವಾಡಿಯಲ್ಲಿ ತೂಗುತ್ತಾರೆ. ಕೇರಳದಲ್ಲಿ 2024ರ ಆಪರೇಷನ್ ಅಮೃತ್ ಅನ್ನೋ ಔಷಧಿ ಅಂಗಡಿಗಳ ತಪಾಸಣೆ ಆದ ಮೇಲೆ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವ ಅಂಗಡಿಗಳ ಮೇಲೆ ಕಣ್ಣಿದೆ. ನಮ್ಮ ಕಡೆಯೂ ಕಾನೂನು ಅದೇ, ಪಾಲನೆ ಮಾತ್ರ ಅಂಗಡಿಗೊಂದು ಥರ. ಸುಲಭವಾಗಿ ಸಿಗುತ್ತೆ ಅಂತ ಶೀತಕ್ಕೆಲ್ಲ ತರಬೇಡಿ. ಮೂಗು ಸೋರುವ ಶೀತ ವೈರಸ್ಸಿನದು, ಅದಕ್ಕೆ ಇದು ತಾಗುವುದಿಲ್ಲ. ಜಿಗಣೆ ಕಚ್ಚಿದ್ದಕ್ಕೂ ಬೇಡ, ಸೋಪು ನೀರಲ್ಲಿ ತೊಳೆದರೆ ಸಾಕು. ಕೆಂಪು ಹರಡಿದರೆ, ಕೀವಾದರೆ ತೋರಿಸಿ.

ಕುಡಿಸಲು ಅಡುಗೆಮನೆ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ತಗೊಳ್ಳಿ. ಮಗುವನ್ನು ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ನೇರ ಗಂಟಲಿಗೆ ಬಿಟ್ಟರೆ ನೆತ್ತಿಗೇರುತ್ತೆ. ಕಹಿ ಅಂತ ಕೊಡಗಿನ ಜೇನು ಬೆರೆಸುವವರಿದ್ದಾರೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೂಡದು, ಬೊಟುಲಿಸಂ ಅನ್ನೋ ನಂಜಿನ ಅಪಾಯವಿದೆ. ಕುಡಿಸಿ ಅರ್ಧ ಗಂಟೆಯೊಳಗೆ ಪೂರ್ತಿ ವಾಂತಿಯಾದರೆ ಸಾಮಾನ್ಯವಾಗಿ ಅದೇ ಡೋಸು ಮತ್ತೆ ಕೊಡುತ್ತಾರೆ, ಡಾಕ್ಟರಿಗೊಂದು ಫೋನು ಮಾಡಿ ಕೇಳಿ.

ಕ್ಲಾವುಲನೇಟ್ ಇದ್ದರೆ ಭೇದಿ ಸ್ವಲ್ಪ ಆಗುವುದುಂಟು. ಊಟದ ಶುರುವಿನಲ್ಲಿ ಕೊಡಿ, ಓಆರ್‌ಎಸ್ ಕುಡಿಸಿ. ಭೇದಿಯಲ್ಲಿ ರಕ್ತ ಕಂಡರೆ ಮಾತ್ರ ಕಾಯದೆ ಡಾಕ್ಟರಿಗೆ ತೋರಿಸಿ. ಆಗಸ್ಟ್ 3ರ ಸುಮಾರಿಗೆ, ಕೊಡವರ ಕಕ್ಕಡ ತಿಂಗಳ 18ಕ್ಕೆ, ಇಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ. ಪಕ್ಕದ ಮನೆಯವರು ಕೊಟ್ಟೇ ಕೊಡುತ್ತಾರೆ. ಅದನ್ನು ತಿಂದ ಮೇಲೆ ಮೂತ್ರ ಕೆಂಪಾಗುತ್ತೆ. ಅದು ಸೊಪ್ಪಿನ ಬಣ್ಣ, ಸಿರಪ್ಪಿನ ತಪ್ಪಲ್ಲ.

ಮೈಮೇಲೆ ದದ್ದು ಎದ್ದರೆ ಮುಂದಿನ ಡೋಸು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ತುಟಿ, ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ತಕ್ಷಣ 108. ಅಂಗಿ ಎತ್ತಿ ಎದೆ ನೋಡಿ, ಮಗು ಅಳದೆ ಇರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ನಿಮ್ಮ ಮಗುವಿನ ವಯಸ್ಸಿಗೆ 40 ಅಥವಾ ಹೆಚ್ಚಾದರೆ ಅದು ವೇಗದ ಉಸಿರು, ಅವತ್ತೇ ತೋರಿಸಬೇಕು. ಪಕ್ಕೆ ಒಳಗೆ ಸೆಳೆದರೆ, ಏನೂ ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಆ ಗಳಿಗೆಯೇ ಹೊರಡಿ. ಮೈಸೂರಿಗೇ ಓಡುತ್ತೇನೆ ಅಂತ ನಾಗರಹೊಳೆ ದಾರಿ ಹಿಡಿಯಬೇಡಿ, ಕಾಡಿನ ಗೇಟು ಸಂಜೆ 6ಕ್ಕೆ ಮುಚ್ಚಿದರೆ ಬೆಳಗ್ಗೆ 6ಕ್ಕೇ ತೆರೆಯುವುದು. ರಾತ್ರಿಯಾದರೆ ಗೋಣಿಕೊಪ್ಪದ ಕಡೆ ಹೋಗಿ.