ಮಾನ್ವಿ ಸೀಮೆಯ ನಿವೃತ್ತ ಕಂಡಕ್ಟರರ ಒಂಬತ್ತು ಹಾಳೆಗಳಿಗೆ

ಹಿರಿಯರೆ, ಶರಣು.

ಸಂಕ್ರಾಂತಿ ಮುಗಿದ ಮೂರನೇ ದಿನ ನಿಮ್ಮ ಪತ್ರ ಕೈಸೇರಿತು. ಒಟ್ಟು ಒಂಬತ್ತು ಹಾಳೆ. ಏಳರಲ್ಲಿ ಪತ್ರ, ಎರಡರಲ್ಲಿ ಲೆಕ್ಕ. ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ಮಾನ್ವಿ ಸೀಮೆಯ ಊರಲ್ಲಿ ಮಗನ ಮನೆಯಲ್ಲಿದ್ದೀರಿ, ಮನಸ್ಸಿಗೆ ಬಂದದ್ದನ್ನೆಲ್ಲ ಬರೆದಿದ್ದೀರಿ. ಉಳಿದ ಓದುಗರಿಗೂ ಗೊತ್ತಾಗಲೆಂದು ಅದರ ಸಾರ ಹೇಳುತ್ತೇನೆ: ಎಲ್ಲ ಪಕ್ಷದವರೂ ಒಂದೇ. ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ಬಂದು ನಮಗೆ ಮೂರು ಕಾಸಿನ ಉಪಯೋಗ ಆಗಲಿಲ್ಲ. ಹೆಂಗಸರಿಗೆ ಪುಕ್ಕಟೆ ಮಾಡಿ ಬಸ್ಸು ಕೆಡಿಸಿದರು. ಇಪ್ಪತ್ತು ಓವರಿನ ಆಟ ಆಟವೇ ಅಲ್ಲ. ಮದುವೆಯ ಡಿಜೆಗೆ ಎದೆ ನಡುಗುತ್ತದೆ. ರೇಷನ್ ಅಂಗಡಿಯ ಯಂತ್ರಕ್ಕೆ ನಿಮ್ಮ ಮನೆಯವರ ಹೆಬ್ಬೆರಳು ಹತ್ತುವುದಿಲ್ಲ. ನಲ್ಲಿ ನೀರು ಯಾವಾಗ ಬರುತ್ತದೆಂದು ಹೇಳುವವರೇ ಇಲ್ಲ. ಕೊನೆಗೆ ಕೇಳಿದ್ದೀರಿ: "ಇಂಥ ಕಿರಿಕಿರಿ ನಿಮ್ಮ ಪತ್ರಿಕೆಯಾಗ ಹಾಕ್ತೀರೋ ಇಲ್ಲೋ? ಇದನ್ನ ಯಾರು ಓದ್ತಾರ ಅಂತ ಮಗ ಬೈತಾನ."

ಹಾಕುತ್ತೇವೆ. ಆದರೆ ನೀವು ಹಿಂದೆ ಇಟ್ಟದ್ದನ್ನು ಮುಂದೆ ತಂದು ಹಾಕುತ್ತೇವೆ.

ಪತ್ರದ ಬೆನ್ನಿಗೆ ಗುಂಡುಸೂಜಿ ಚುಚ್ಚಿ ಸೇರಿಸಿದ ಆ ಎರಡು ಹಾಳೆಗಳ ಮಾತು ಆಡುತ್ತಿದ್ದೇನೆ. ದೀಪಾವಳಿ ಪಾಡ್ಯದಿಂದ ಸಂಕ್ರಾಂತಿವರೆಗೆ ನಲ್ಲಿಗೆ ನೀರು ಬಂದ ದಿನ, ಬಂದ ಹೊತ್ತು, ನಿಂತ ಹೊತ್ತು, ತುಂಬಿದ ಕೊಡ, ಷರಾ. ಸ್ಕೇಲು ಹಿಡಿದು ಗೆರೆ ಎಳೆದಿದ್ದೀರಿ. ಷರಾದಲ್ಲಿ ಒಂದು ಕಡೆ "ರಾತ್ರಿ 2-40, ಸೊಸೆ ಎದ್ದಳು." ಇನ್ನೊಂದು ಕಡೆ "ಕೆಂಪು ನೀರು, ಚೆಲ್ಲಿದೆವು." ಮತ್ತೊಂದು ಕಡೆ "ಬೀಗರು ಬಂದಿದ್ದರು, ಪಕ್ಕದ ಮನೆಯಿಂದ ನಾಲ್ಕು ಕೊಡ ಕಡ." ಇದನ್ನು ನೀವು ಕೇವಲ ಲಗತ್ತು ಅಂದುಕೊಂಡಿರಿ. ನನಗೆ ಇದೇ ಪತ್ರ. ಸ್ಟೇಜು ದಾಟಿದಂತೆಲ್ಲ ಟಿಕೆಟ್ ನಂಬರ್ ಬರೆದು ವೇಬಿಲ್ ತುಂಬಿದ ಕೈ ಇದನ್ನೂ ಹಾಗೇ ತುಂಬಿದೆ. ಚೆಕಿಂಗಿನವರು ನಡುದಾರಿಯಲ್ಲಿ ಬಸ್ಸು ಹತ್ತಿದರೆ ಕಂಡಕ್ಟರನ ಬಾಯಿಮಾತು ಕೇಳುವುದಿಲ್ಲ, ವೇಬಿಲ್ ನೋಡುತ್ತಾರೆ. ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈ ಎರಡು ಹಾಳೆಗೆ ನಾನು ಇಷ್ಟು ಜೋತುಬೀಳಲು ಒಂದು ಕಾರಣವಿದೆ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇರುವ ಊರಲ್ಲಿ ಕುಡಿಯುವ ನೀರಿಗೆ ಜನ ಸತ್ತರು. ಅದಕ್ಕೂ ಮೊದಲು ನಮ್ಮ ಕಚೇರಿಗೆ ಫೋನ್ ಬಂದಿದ್ದವು, ನೀರು ವಾಸನೆ ಬರ್ತದ, ಬಣ್ಣ ತಿರುಗ್ಯದ ಅಂತ. ಕೇಳಿಸಿಕೊಂಡೆವು, ಹೌದೌದು ಅಂದೆವು. ಯಾವ ಓಣಿ, ಯಾವ ದಿನ, ಎಷ್ಟು ಮನೆ ಎಂದು ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಲಿಲ್ಲ. ಬರೆದಿದ್ದರೆ ಒಂದು ಪುಟ ಆಗುತ್ತಿತ್ತು, ಅದನ್ನು ಯಾರದಾದರೂ ಮೇಜಿನ ಮೇಲೆ ಇಡಬಹುದಿತ್ತು. ಆ ತಪ್ಪು ನನ್ನದು, ಇವತ್ತಿಗೂ ಮನಸ್ಸಿನಿಂದ ಇಳಿದಿಲ್ಲ. ಅದಕ್ಕೇ "ಕೆಂಪು ನೀರು, ಚೆಲ್ಲಿದೆವು" ಎಂಬ ಸಾಲಿಗೆ ನೀವು ತಾರೀಖು ಹಾಕಿದ್ದನ್ನು ಕಂಡು ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದೆ.

ಕಾಲುವೆಯ ಕೊನೆ ಭಾಗದ ರೈತರನ್ನು ನೋಡಿ. ನೂರಾನಲವತ್ತು ಮೈಲಿ ಉದ್ದದ ತುಂಗಭದ್ರಾ ಎಡದಂಡೆ ನಾಲೆ ನಿಮ್ಮ ಕಡೆ ಬರುವ ಹೊತ್ತಿಗೆ ನೀರು ತಳಕ್ಕೆ ಬಿದ್ದಿರುತ್ತದೆ. ಮೇಲಿನವರು ಪಂಪ್ ಇಟ್ಟು ಎತ್ತಿಕೊಂಡರು ಎಂದು ವರ್ಷ ವರ್ಷ ಜಗಳ. ಆದರೆ ಆ ರೈತರು ಬರೀ "ನೀರಿಲ್ಲ" ಅನ್ನುವುದಿಲ್ಲ. ಮೈಲ್ 69ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟದ, ಮೈಲ್ 104ರಲ್ಲಿ ಎಷ್ಟದ ಎಂದು ಕೇಳುತ್ತಾರೆ. ಎಂಜಿನಿಯರ್ ಆಗಲಿ ಮಂತ್ರಿ ಆಗಲಿ, ಆ ಅಡಿ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ. ನೀವು ಅಡುಗೆಮನೆಗೊಂದು ಗೇಜ್ ನೆಟ್ಟಿದ್ದೀರಿ. ಈ ವರ್ಷ ಅದರ ಅಗತ್ಯವೂ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಈಗ 33 ಗೇಟುಗಳನ್ನೂ ಹೊಸದು ಮಾಡಬೇಕಾಗಿ ಬಂದು ಎರಡನೇ ಬೆಳೆಗೆ ನೀರಿಲ್ಲ. ಕಾಲುವೆ ನೀರನ್ನು ಕೆರೆಗೆ ತುಂಬಿಸಿಕೊಂಡು ಬೇಸಿಗೆ ದಾಟುವ ಊರುಗಳು ನಮ್ಮಲ್ಲಿ ಬಹಳ. ಮಾರ್ಚ್, ಏಪ್ರಿಲ್‌ನಲ್ಲಿ ನಿಮ್ಮ ಕೊಡದ ಲೆಕ್ಕ ಏನು ಹೇಳುತ್ತದೋ ನೋಡಬೇಕು. ದಯವಿಟ್ಟು ನಿಲ್ಲಿಸಬೇಡಿ.

ಎಲ್ಲ ಪಕ್ಷದವರೂ ಒಂದೇ ಎಂದಿರಿ. ಈ ಮಾತನ್ನು ನಾನು ಒಪ್ಪುವುದಿಲ್ಲ, ಮತ್ತು ನಿಮ್ಮ ಹಾಳೆಯೂ ಒಪ್ಪುವುದಿಲ್ಲ. ಹೋದ ವರ್ಷ ವಾರಕ್ಕೆ ಎಷ್ಟು ಸಲ, ಈ ವರ್ಷ ಎಷ್ಟು ಸಲ, ಮೆಂಬರ್ ಬದಲಾದ ಮೇಲೆ ಎಷ್ಟು ಸಲ ಎಂದು ಕೈಯಲ್ಲಿ ಲೆಕ್ಕ ಇದ್ದರೆ ಯಾರು ಒಂದೇ, ಯಾರು ಬೇರೆ ಎಂಬುದು ಗೊತ್ತಾಗುತ್ತದೆ. ಲೆಕ್ಕ ಇಲ್ಲದಿದ್ದಾಗ ಎಲ್ಲರೂ ಒಂದೇ ಆಗಿ ಕಾಣುತ್ತಾರೆ. ಅದರಿಂದ ಲಾಭ ಕೆಲಸ ಮಾಡದವನಿಗೆ.

371(ಜೆ) ಬಗ್ಗೆಯೂ ಹಾಗೇ. ವೈಜನಾಥ ಪಾಟೀಲರಂಥವರು ಇದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ನಿಂತರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿ ಒಪ್ಪಿತು. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ಉಳಿದ ಕಡೆ ನೂರಕ್ಕೆ 8 ಸೀಟು ನಮ್ಮ ಮಕ್ಕಳಿಗೆ ಮೀಸಲು. ನನ್ನ ಅಕ್ಕನ ಮಗಳು ಆ ಮೀಸಲಾತಿಯ ಪ್ರಮಾಣಪತ್ರ ಹಿಡಿದೇ ಡಾಕ್ಟರಾದಳು; ಅವರ ಮನೆಯಲ್ಲಿ ಅದಕ್ಕಿಂತ ಹಿಂದೆ ಯಾರೂ ಹತ್ತನೇ ಕ್ಲಾಸು ದಾಟಿರಲಿಲ್ಲ. ಮೂರು ಕಾಸು ಎಂದು ನೀವು ಬರೆದಾಗ ನನಗೆ ನೋವಾಯಿತು. ಖಾಲಿ ಹುದ್ದೆ ತುಂಬುತ್ತಿಲ್ಲ, ಅದು ನಿಜ. ಐಐಟಿ ಧಾರವಾಡಕ್ಕೆ ಹೋಯಿತು, ನಮಗೆ 2019ರಲ್ಲಿ ಟ್ರಿಪಲ್ ಐಟಿ ಬಂತು. ಏಮ್ಸ್ ಬೇಕೆಂದು 2022ರ ಮೇ 13ರಂದು ರಾಯಚೂರಿನಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಆ ಸಿಟ್ಟಿನಲ್ಲಿ ನಾನೂ ನಿಮ್ಮ ಜೊತೆಗಿದ್ದೇನೆ. ಆದರೆ ಸಿಟ್ಟಿನ ಭರದಲ್ಲಿ ಸಿಕ್ಕಿದ್ದನ್ನು ಇಲ್ಲ ಅನ್ನಬಾರದು. ಇಲ್ಲ ಎಂದರೆ, ಇಲ್ಲದ್ದನ್ನು ತೆಗೆದುಹಾಕಿದರೂ ನಡೆಯುತ್ತದೆ ಎಂದು ನಾಳೆ ಯಾರೋ ಅಂದಾರು.

ಇನ್ನು ಬಸ್ಸು. ಇದು ನಿಮ್ಮ ಸೀಮೆ, ನಾನು ಹೆದರುತ್ತಲೇ ಮಾತಾಡುತ್ತೇನೆ. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಪರ ಊರಿಗೆ ಹೋಗುವ ಹೆಣ್ಣಾಳು ಅವತ್ತಿನಿಂದ ಕೂಲಿ ಪೂರ್ತಿ ಮನೆಗೆ ತರುತ್ತಾಳೆ. ಅದನ್ನು ಕೆಡಿಸುವುದು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ನಾಲ್ಕನೇ ಹಾಳೆಯಲ್ಲೇ ಇದೆಯಲ್ಲ: "ನಮ್ಮ ಕಾಲಕ್ಕ ಏಳೂಮುಕ್ಕಾಲಿಗೊಂದು, ಎಂಟೂಕಾಲಿಗೊಂದು ಗಾಡಿ ಇದ್ದವು. ಈಗ ಒಂದೇ. ಕಾಲೇಜ್ ಹುಡುಗರು ಬಾಗಿಲಿಗೆ ಜೋತುಬೀಳ್ತಾವ." ದೂರು ಇದೇ. ಹತ್ತುವವರು ಹೆಚ್ಚಾದರು, ಗಾಡಿ ಹೆಚ್ಚಾಗಲಿಲ್ಲ. ಒಂದು ಟ್ರಿಪ್ ಕಡಿಮೆ ಆದದ್ದನ್ನು ಬಿಟ್ಟು, ಒಳಗೆ ಕೂತ ಹೆಂಗಸರ ಮೇಲೆ ಯಾಕೆ ಹೋಗುತ್ತೀರಿ? ಆ ಎರಡು ಸಾಲನ್ನು ಹಾಗೇ ಅಚ್ಚು ಹಾಕುತ್ತೇವೆ, ಅದರ ಹಿಂದಿನ ಪ್ಯಾರಾ ಬಿಡುತ್ತೇವೆ. ಬೇಜಾರಾಗಬೇಡಿ.

ರೇಷನ್ ಅಂಗಡಿಯ ಮಾತು. ಭತ್ತ ನಾಟಿ ಮಾಡಿ, ಕಳೆ ಕಿತ್ತು ನಿಮ್ಮ ಮನೆಯವರ ಬೆರಳಿನ ಗೆರೆ ಸವೆದಿದೆ, ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಬೆರಳು ಹತ್ತಲಿಲ್ಲ ಎಂಬ ಒಂದೇ ಕಾರಣಕ್ಕೆ ರೇಷನ್ ಇಲ್ಲವೆನ್ನಬಾರದೆಂದು 2017ರ ಅಕ್ಟೋಬರ್‌ನಲ್ಲೇ ಕೇಂದ್ರ ಆಹಾರ ಇಲಾಖೆ ರಾಜ್ಯಗಳಿಗೆ ಬರೆದಿದೆ. ಮುಂದಿನ ಸಲ ಬರಿಗೈಲಿ ಕಳಿಸಿದರೆ ಅಲ್ಲೇ ನಿಂತು ಒಂದು ಅರ್ಜಿ ಬರೆಯಿರಿ, ತಾರೀಖು ಹಾಕಿ ತಹಶೀಲ್ದಾರರಿಗೆ ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಪ್ರತಿ ನಮಗೂ ಇರಲಿ. ಡಿಜೆಗೆ ಮಾತು ಹೆಚ್ಚು ಬೇಡ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ ಎಂಬ ನಿಯಮ 2000ದಿಂದಲೂ ಇದೆ, 112ಕ್ಕೆ ಫೋನ್ ಮಾಡಿ.

ಆಟದ ವಿಷಯದಲ್ಲಿ ನಿಮ್ಮ ಬರವಣಿಗೆ ಓದಿ ಖುಷಿಪಟ್ಟೆ. 1971ರಲ್ಲಿ ಓವಲ್‌ನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡ್ 101ಕ್ಕೆ ಮುಗಿದಾಗ ನೀವು ಹೋಟೆಲಿನ ರೇಡಿಯೋ ಮುಂದೆ ನಿಂತಿದ್ದಿರಿ, ಚಹಾದ ಲೋಟ ಕೈಯಲ್ಲೇ ಆರಿಹೋಗಿತ್ತು ಎಂದು ಬರೆದಿದ್ದೀರಿ. ಆ ಸಾಲಿಗೆ ಕತ್ತರಿ ಇಲ್ಲ. ಆದರೆ ಇಪ್ಪತ್ತು ಓವರಿನವರನ್ನು ಬಿಡಿ. ಹದಿನೆಂಟು ವರ್ಷ ಕಾದು 2025ರ ಜೂನ್ 3ರಂದು ಆರ್‌ಸಿಬಿ ಗೆದ್ದಾಗ ನಮ್ಮ ಓಣಿಯ ಹುಡುಗರು ಅತ್ತದ್ದೂ ನಿಮ್ಮ ಆ ಲೋಟದಷ್ಟೇ ನಿಜ. ಮರುದಿನ ಬೆಂಗಳೂರಿನಲ್ಲಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಿಗೆ 11 ಮಂದಿ ಸತ್ತರು. ಅದು ಆಟದ ತಪ್ಪಲ್ಲ. ಜನ ಎಷ್ಟು, ಬಾಗಿಲು ಎಷ್ಟು ಎಂದು ಲೆಕ್ಕ ಹಾಕದವರ ತಪ್ಪು. ನವೆಂಬರ್ 2ರ ರಾತ್ರಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದದ್ದು ಐವತ್ತು ಓವರಿನ ಆಟದಲ್ಲಿ. ಅದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದಕ್ಷರವಿಲ್ಲ, ನೋಡಿಲ್ಲವೇ? ಕಾರಹುಣ್ಣಿಮೆಗೆ ರಾಯಚೂರಿಗೆ ಬನ್ನಿ, ಎತ್ತುಗಳು ಟನ್‌ಗಟ್ಟಲೆ ಕಲ್ಲು ಎಳೆಯುವುದನ್ನು ಜೊತೆಗೆ ನಿಂತು ನೋಡೋಣ. ಆಗ ಈ ಮಾತು ಮುಂದುವರಿಸೋಣ.

ನಿಮ್ಮ ನೀರಿನ ಲೆಕ್ಕ ಮುಂದಿನ ಸಂಚಿಕೆಯ ಮೂರನೇ ಪುಟದಲ್ಲಿ, ಊರಿನ ಹೆಸರಿನೊಂದಿಗೆ, ಇಡಿಯಾಗಿ ಬರುತ್ತದೆ. ಬೇರೆ ಊರಿನ ಓದುಗರೂ ಇದೇ ನಮೂನೆಯಲ್ಲಿ ಕಳಿಸಲಿ: ದಿನ, ಬಂದ ಹೊತ್ತು, ನಿಂತ ಹೊತ್ತು, ಕೊಡ, ಷರಾ. ತಿಂಗಳಿಗೊಮ್ಮೆ ಆ ಪುಟ ಅವರಿಗೇ ಮೀಸಲು. ಒಂದು ಸಂಶಯ ಉಳಿದಿದೆ. ಡಿಸೆಂಬರ್ 14ರ ಸಾಲಿನ ಮೇಲೆ ನೀರು ಬಿದ್ದು ಶಾಯಿ ಹರಡಿದೆ, ಕೊಡ 6 ಎಂದಿದೆಯೋ 8 ಎಂದಿದೆಯೋ ತಿಳಿಯುತ್ತಿಲ್ಲ. ಸೊಸೆಯನ್ನು ಕೇಳಿ ಒಂದು ಕಾರ್ಡು ಹಾಕಿ, 25ನೇ ತಾರೀಖಿಗೆ ಪುಟ ಅಚ್ಚಿಗೆ ಹೋಗುತ್ತದೆ.

ಸಂಪಾದಕ