ಹಳೆಯ ಕಾಲದ ಜೇನುಗೂಡಿಗೂ ಈಗಿನ ಜೇನುಪೆಟ್ಟಿಗೆಗೂ ಏನು ವ್ಯತ್ಯಾಸ?

ಮುಖ್ಯ ವಿಷಯ ಒಂದೇ: ಎರಿಯನ್ನು (ಜೇನುನೊಣಗಳು ಮೇಣದಿಂದ ಕಟ್ಟುವ ಕೋಣೆಗಳ ಹಲ್ಲೆ) ಮುರಿಯದೆ ಹೊರಗೆ ತೆಗೆದು ಮತ್ತೆ ಇಡಲು ಆಗುತ್ತದೋ ಇಲ್ಲವೋ.

ಯುರೋಪಿನ ಹುಲ್ಲಿನ ಬುಟ್ಟಿಯಾಗಲಿ, ನಮ್ಮ ಕಡೆಯ ಮಡಕೆಯಾಗಲಿ, ಎರಿ ಒಳಗೋಡೆಗೆ ಅಂಟಿಕೊಂಡೇ ಬೆಳೆಯುತ್ತಿತ್ತು. ಜೇನುತುಪ್ಪ ಬೇಕಂದ್ರೆ ಕತ್ತರಿಸಲೇಬೇಕು. ಬುಟ್ಟಿಯಲ್ಲಂತೂ ಎಷ್ಟೋ ಸಲ ಗಂಧಕದ ಹೊಗೆ ಹಾಕಿ ಇಡೀ ಜೇನುಕುಟುಂಬವನ್ನೇ ಕೊಲ್ಲುತ್ತಿದ್ದರು. ಎಂಥ ನಷ್ಟ ಅಲ್ವಾ?

1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ದಾರಿ ಕಂಡುಕೊಂಡರು. ಸುಮಾರು 6ರಿಂದ 9 ಮಿ.ಮೀ. ಸಂದು ಇದ್ದರೆ ನೊಣಗಳು ಅದನ್ನು ಓಡಾಡಲು ಹಾಗೇ ಬಿಡುತ್ತವೆ. ಕಡಿಮೆಯಾದರೆ ಅಂಟು ಮೆತ್ತುತ್ತವೆ, ಜಾಸ್ತಿಯಾದರೆ ಎರಿ ಕಟ್ಟುತ್ತವೆ. ಸುತ್ತ ಇಷ್ಟೇ ಸಂದು ಉಳಿಯುವಂತೆ ಎರಿ ಕಟ್ಟುವ ಚೌಕಟ್ಟುಗಳನ್ನು ಕೂರಿಸಿದರೆ ಒಂದೊಂದನ್ನೇ ಸಲೀಸಾಗಿ ಎತ್ತಿ ನೋಡಬಹುದು.

ನಮ್ಮ ತುಡುವೆ ಜೇನಿನ ಕುಟುಂಬ ಚಿಕ್ಕದು, ಹಾಗಾಗಿ ದಕ್ಷಿಣ ಭಾರತದಲ್ಲಿ ಪಾದ್ರಿ ನ್ಯೂಟನ್ ರೂಪಿಸಿದ ಚಿಕ್ಕ ‘ನ್ಯೂಟನ್ ಪೆಟ್ಟಿಗೆ’ ಬಳಕೆಗೆ ಬಂತು. ಬಯಲಲ್ಲೇ ಒಂಟಿ ಎರಿ ಕಟ್ಟುವ ಹೆಜ್ಜೇನು ಮಾತ್ರ ಯಾವ ಪೆಟ್ಟಿಗೆಗೂ ಒಗ್ಗಿಲ್ಲ.