ಹಂದಿಗೆ ಸರಿಹೋದದ್ದು ನಮಗೂ ಸರಿಹೋಗುತ್ತಾ?

ಮದ್ದೂರು ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ ಇದು: “ದಾನಿಯ ಲಿವರನ್ನು ದೇಹದ ಹೊರಗೆ ಕೆಲಸ ಮಾಡಿಸುತ್ತಾ ಇಡುವ ಯಂತ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ‘ಮೊದಲು ಹಂದಿ, ಇಲಿಗಳ ಮೇಲೆ ಪ್ರಯೋಗ ನಡೆಯಿತು’ ಎಂಬ ಸಾಲು ಮನಸ್ಸಿಗೆ ಚುಚ್ಚಿತು. ಐಸ್ ಡಬ್ಬಿಯಲ್ಲಿಟ್ಟು ಮೈಸೂರಿನಿಂದ ಬೆಂಗಳೂರಿಗೆ ಎಕ್ಸ್‌ಪ್ರೆಸ್‌ವೇನಲ್ಲಿ ಕಳಿಸಿದರೆ ಸಾಲದಾ? ಅದಕ್ಕೂ ಮೂಕಪ್ರಾಣಿ ಸಾಯಬೇಕಾ? ಹಂದಿಗೆ ಸರಿಹೋದದ್ದು ಮನುಷ್ಯನಿಗೂ ಸರಿಹೋಗುತ್ತದೆ ಅನ್ನೋದಕ್ಕೆ ಏನು ಗ್ಯಾರಂಟಿ? ಕೊನೆಗೆ ನನ್ನದೇ ಒಂದು ಪ್ರಶ್ನೆ. ನನಗೀಗ 68. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂದಿದ್ದಾರೆ. ನನ್ನ ಲಿವರ್ ಯಾರಿಗಾದರೂ ಬೇಕಾದೀತಾ?”

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪ್ರಶ್ನೆಗಳಿಗೆ ಎರಡು ಸಾಲಿನ ಉತ್ತರ ಕೊಟ್ಟರೆ ನಿಮಗೂ ಅನ್ಯಾಯ, ಆ ಪ್ರಾಣಿಗಳಿಗೂ ಅನ್ಯಾಯ. ಅದಕ್ಕೇ ಇಷ್ಟು ಜಾಗ ತೆಗೆದುಕೊಂಡಿದ್ದೇನೆ.

ಮೊದಲು ಐಸ್ ಡಬ್ಬಿಯ ವಿಷಯ. ದೇಹದಿಂದ ತೆಗೆದ ಲಿವರ್‌ಗೆ ರಕ್ತವಿಲ್ಲ, ಆಮ್ಲಜನಕವಿಲ್ಲ. ಜೀವಕೋಶಗಳು ಉಳಿದಿರುವ ಶಕ್ತಿಯನ್ನು ಖರ್ಚು ಮಾಡುತ್ತಾ ಹೋಗುತ್ತವೆ. ಅದು ಮುಗಿದಾಗ ಒಳಗಿನ ಸೋಡಿಯಂ ಹೊರಹಾಕುವ ಕೆಲಸ ನಿಲ್ಲುತ್ತದೆ, ನೀರು ಒಳನುಗ್ಗಿ ಕೋಶ ಊದಿಕೊಳ್ಳುತ್ತದೆ. 4 ಡಿಗ್ರಿ ತಣ್ಣಗೆ ಇಟ್ಟರೆ ಈ ಖರ್ಚು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸೌತರ್ಡ್ ತಯಾರಿಸಿದ ದ್ರಾವಣ ಬಂದ ಮೇಲೆ ಐಸಿನಲ್ಲಿಡುವ ಅವಧಿ ಹೆಚ್ಚಿತು. ಆದರೂ 12 ಗಂಟೆ ದಾಟಿಸಲು ಡಾಕ್ಟರ್‌ಗಳಿಗೆ ಮನಸ್ಸಿಲ್ಲ.

ಗ್ರೀನ್ ಕಾರಿಡಾರ್ ಮಾಡಿದರೆ ಮೈಸೂರಿನಿಂದ ಬೆಂಗಳೂರು ಬೇಗನೆ ಸಿಗುತ್ತದೆ, ನಿಜ. ಆದರೆ ಹೊತ್ತು ಹೋಗುವುದು ರಸ್ತೆಯಲ್ಲಷ್ಟೇ ಅಲ್ಲ. ಬಂದ ಲಿವರ್‌ನ ರಕ್ತನಾಳಗಳನ್ನು ಬಿಡಿಸಿ ಸಿದ್ಧಮಾಡಬೇಕು. ರೋಗಿಯ ಕೆಟ್ಟ ಲಿವರನ್ನು ರಕ್ತಸ್ರಾವವಾಗದಂತೆ ತೆಗೆಯಬೇಕು, ಅದಕ್ಕೇ ಗಂಟೆಗಟ್ಟಲೆ ಬೇಕು. ಆಂಬ್ಯುಲೆನ್ಸ್ ಎಷ್ಟೇ ಜೋರಾಗಿ ಬಂದರೂ ಆಪರೇಷನ್ ಥಿಯೇಟರ್‌ನ ಹೊತ್ತನ್ನು ಕಡಿಮೆ ಮಾಡಲಾಗದು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಮ್ಮ ಸೀಮೆಯ ಕಬ್ಬನ್ನೇ ನೋಡಿ. ಕಡಿದು ಎರಡು ಮೂರು ದಿನ ಗದ್ದೆಯಲ್ಲೇ ಬಿದ್ದ ಕಬ್ಬು ನೋಡೋಕೆ ಕಬ್ಬೇ. ಅರೆದಾಗಲೇ ಇಳುವರಿ ಎಷ್ಟು ಇಳಿದಿದೆ ಅಂತ ಗೊತ್ತಾಗೋದು. ಐಸಿನಲ್ಲಿಟ್ಟ ಲಿವರ್‌ನದೂ ಹಾಗೇ. ತಣ್ಣಗಿರುವ ಲಿವರ್ ಕೆಲಸವನ್ನೇ ಮಾಡುತ್ತಿಲ್ಲ, ಹಾಗಾಗಿ ಅದು ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷಿಸುವುದು ಹೇಗೆ? ರೋಗಿಯ ಹೊಟ್ಟೆಯೊಳಗೆ ಕೂರಿಸಿ, ರಕ್ತ ಬಿಟ್ಟ ಮೇಲೇ ತಿಳಿಯುವುದು. ಅಷ್ಟರಲ್ಲಿ ಆ ರೋಗಿಯ ಹಳೆಯ ಲಿವರ್ ಹೊರಬಂದಿರುತ್ತದೆ. ಈ ಭಯಕ್ಕೇ ಡಾಕ್ಟರ್‌ಗಳು ಸ್ವಲ್ಪ ಅನುಮಾನ ಬಂದರೂ ದಾನದ ಲಿವರನ್ನು ಬೇಡ ಅನ್ನುತ್ತಾರೆ. ನನ್ನ ಪ್ರಕಾರ ಈ ಯಂತ್ರದ ನಿಜವಾದ ಲಾಭ ಇಲ್ಲಿದೆ. ಗಂಟೆಗಳು ಉಳಿಯುವುದು ಸರಿ, ಆದರೆ ಲಿವರನ್ನು ಇನ್ನೊಬ್ಬರ ಮೈಗೆ ಸೇರಿಸುವ ಮೊದಲೇ ಪರೀಕ್ಷಿಸಬಹುದಲ್ಲ, ಅದು ದೊಡ್ಡದು.

ಪ್ರಾಣಿಗಳು ಕಲಿಸಿದ್ದೂ ಇದನ್ನೇ. 1855ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ನಾಯಿಯ ಲಿವರ್ ತೆಗೆದು, ಸಕ್ಕರೆಯ ಅಂಶ ಪೂರ್ತಿ ಹೋಗುವ ತನಕ ರಕ್ತನಾಳದ ಮೂಲಕ ನೀರು ಹಾಯಿಸಿ ತೊಳೆದರು. ಮಾರನೆಯ ದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ! ಲಿವರ್ ತನ್ನೊಳಗೆ ಕೂಡಿಟ್ಟಿದ್ದನ್ನು ಸಕ್ಕರೆಯಾಗಿ ಬದಲಿಸಿತ್ತು. ದೇಹದಿಂದ ಹೊರಬಂದ ಅಂಗದಲ್ಲೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಂದಿಯೇ ಯಾಕೆ? ಅದರ ಲಿವರ್ ಗಾತ್ರದಲ್ಲಿ ನಮ್ಮದಕ್ಕೆ ಹತ್ತಿರ. ನಮ್ಮಂತೆಯೇ ಅದಕ್ಕೂ ಎರಡು ಕಡೆಯಿಂದ ರಕ್ತ: ಹೃದಯದಿಂದ ಬರುವ ಶುದ್ಧ ರಕ್ತ, ಕರುಳಿನಿಂದ ಬರುವ ಆಹಾರದ ಅಂಶವಿರುವ ರಕ್ತ. ಯಂತ್ರ ಎರಡನ್ನೂ ಬೇರೆ ಬೇರೆ ಒತ್ತಡದಲ್ಲಿ ಕೊಡಬೇಕು. ಆಕ್ಸ್‌ಫರ್ಡ್‌ನ ತಂಡ 2002ರಲ್ಲೇ ಹಂದಿಯ ಲಿವರನ್ನು 72 ಗಂಟೆ ಹೀಗೆ ನಡೆಸಿ ತೋರಿಸಿತು. ಬಟ್ಟಲಿನಲ್ಲಿ ಲಿವರ್, ಕೆಳಗೆ ಪಂಪು, ರಕ್ತಕ್ಕೆ ಆಮ್ಲಜನಕ ಸೇರಿಸುವ ಸಾಧನ, 37 ಡಿಗ್ರಿ ಶಾಖ. ಐಸಿನಿಂದ ಬಂದಾಗ ಬಿಳಿಚಿಕೊಂಡಿದ್ದ ಅಂಗ ರಕ್ತ ಹರಿದಂತೆ ಕೆಂಪಗಾಗುತ್ತದೆ. ಪಕ್ಕದ ಸಣ್ಣ ನಳಿಕೆಯಲ್ಲಿ ಪಿತ್ತರಸ ತೊಟ್ಟಿಕ್ಕುತ್ತದೆ. ಆಗಾಗ ರಕ್ತ ತೆಗೆದು ನೋಡುತ್ತಾರೆ. ಆಮ್ಲಜನಕ ಸಾಲದಾಗ ಕೋಶಗಳಲ್ಲಿ ಹುಟ್ಟುವ, ಲಿವರ್ ರಕ್ತದಿಂದ ತೆಗೆದುಹಾಕುವ ಲ್ಯಾಕ್ಟೇಟ್ ಎಂಬ ವಸ್ತು ಇಳಿಯುತ್ತಿದ್ದರೆ ಲಿವರ್ ಕೆಲಸಕ್ಕೆ ಇಳಿದಿದೆ ಎಂದರ್ಥ.

2009ರಲ್ಲಿ ಅದೇ ತಂಡ 20 ಗಂಟೆ ಇಟ್ಟ ಲಿವರ್‌ಗಳನ್ನು ಹಂದಿಗಳಿಗೇ ಕಸಿ ಮಾಡಿತು. ಯಂತ್ರದಲ್ಲಿದ್ದ ಲಿವರ್ ಪಡೆದವುಗಳಲ್ಲಿ ಹೆಚ್ಚಿನವು ಬದುಕಿದವು, ಐಸಿನಲ್ಲಿದ್ದದ್ದು ಪಡೆದವುಗಳಲ್ಲಿ ಹೆಚ್ಚಿನವು ಸತ್ತವು. ಓದುವಾಗ ನನಗೂ ಸಂಕಟವಾಯಿತು ಮೇಷ್ಟ್ರೇ. ಆದರೆ ಆ ವ್ಯತ್ಯಾಸ ಕಾಣದೆ ಯಾವ ರೋಗಿಗೂ ಇದನ್ನು ಮಾಡಲು ಹೋಗುವಂತಿರಲಿಲ್ಲ. 2013ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಮೊದಲ ಮನುಷ್ಯನಿಗೆ ಆಯಿತು. 2018ರಲ್ಲಿ 220 ಕಸಿಗಳ ಹೋಲಿಕೆ ಪ್ರಕಟವಾಯಿತು. ಯಂತ್ರದಲ್ಲಿ ಜಾಸ್ತಿ ಹೊತ್ತು ಇಟ್ಟಿದ್ದರೂ ಲಿವರ್‌ಗೆ ಆದ ಪೆಟ್ಟು ಅರ್ಧಕ್ಕೆ ಇಳಿದಿತ್ತು, ಬೇಡವೆಂದು ಬಿಟ್ಟ ಲಿವರ್‌ಗಳೂ ಅರ್ಧದಷ್ಟು ಕಡಿಮೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು ಇದನ್ನು ಒಂದು ವಾರದವರೆಗೆ ಒಯ್ದರು. ದಿನಗಟ್ಟಲೆ ಇಡಬೇಕಾದರೆ ಲಿವರ್ ಒಂದನ್ನೇ ನೋಡಿಕೊಂಡರೆ ಸಾಲದು. ಮೇದೋಜೀರಕ ಗ್ರಂಥಿಯ ಕೆಲಸಕ್ಕೆ ಇನ್ಸುಲಿನ್ ಬೇಕು, ಕಿಡ್ನಿಯ ಕೆಲಸಕ್ಕೆ ಡಯಾಲಿಸಿಸ್ ಬೇಕು. ಉಸಿರಾಟದಲ್ಲಿ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪದರ) ಮೇಲೆ ಕೆಳಗೆ ಆಡುವಂತೆ ಲಿವರನ್ನು ಅಲುಗಿಸುತ್ತಲೂ ಇರಬೇಕು, ಇಲ್ಲದಿದ್ದರೆ ಒಂದೇ ಕಡೆ ಭಾರ ಬಿದ್ದ ಜಾಗ ಸಾಯುತ್ತದೆ. ಇದೆಲ್ಲ ಹಂದಿಯ ಲಿವರ್‌ನಿಂದ ಕಲಿತದ್ದು. 2020ರಲ್ಲಿ, ಬೇರೆಲ್ಲರೂ ಬೇಡವೆಂದ ಮನುಷ್ಯರ 10 ಲಿವರ್‌ಗಳಲ್ಲಿ ಆರು ಲಿವರ್‌ಗಳು ಒಂದು ವಾರದೊಳಗೆ ಯಂತ್ರದಲ್ಲಿ ಚೇತರಿಸಿಕೊಂಡವು. 2021ರ ಮೇನಲ್ಲಿ, ಯಂತ್ರದಲ್ಲಿ ಮೂರು ದಿನ ಇಟ್ಟ ಲಿವರನ್ನು ಒಬ್ಬ ರೋಗಿಗೆ ಹಾಕಿದರು. ಒಂದು ವರ್ಷದ ಮೇಲೂ ಅವರು ಚೆನ್ನಾಗಿದ್ದರು.

ಇನ್ನು ಗ್ಯಾರಂಟಿಯ ಪ್ರಶ್ನೆ. ಗ್ಯಾರಂಟಿ ಇಲ್ಲ. 2014ರಲ್ಲಿ ಬೋಸ್ಟನ್ನಿನ ಸಂಶೋಧಕರು ಇಲಿಯ ಲಿವರನ್ನು ಮೈನಸ್ 6 ಡಿಗ್ರಿಯಲ್ಲಿ, ಹೆಪ್ಪುಗಟ್ಟದಂತೆ, ನಾಲ್ಕು ದಿನದವರೆಗೆ ಇಟ್ಟರು. ಮೂರು ದಿನ ಇಟ್ಟ ಲಿವರ್ ಪಡೆದ ಇಲಿಗಳೆಲ್ಲ ಬದುಕಿದವು. ಆದರೆ ಇಲಿಯ ಲಿವರ್ ಸುಮಾರು 10 ಗ್ರಾಂ, ನಮ್ಮದು ಒಂದೂವರೆ ಕೆಜಿ. ಅಷ್ಟು ದೊಡ್ಡ ಅಂಗದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಮಂಜಿನ ಹರಳು ಶುರುವಾದರೆ ಕೆಲಸ ಕೆಟ್ಟಿತು. 2019ರಲ್ಲಿ ಮನುಷ್ಯರ ಲಿವರ್‌ಗೆ ಅದೇ ದಾರಿ ಹಿಡಿದಾಗ, ಬಹಳಷ್ಟು ಬದಲಾಯಿಸಿಕೊಂಡು, ಮೈನಸ್ 4ರಲ್ಲಿ 27 ಗಂಟೆ ಸಿಕ್ಕಿತು. ‘ಇಲಿಯಲ್ಲಿ ಗೆಲುವು’ ಎಂಬ ಸುದ್ದಿ ಕಂಡಾಗ ತೂಕ ಕೇಳಿ, ಆಮೇಲೆ ಖುಷಿಪಡಿ.

ಹಂದಿಯಲ್ಲೂ ಒಂದು ಕೊರತೆ ಇದೆ. ಪ್ರಯೋಗದ ಹಂದಿಗಳು ಸಾಮಾನ್ಯವಾಗಿ ಎಳೆಯವು, ಗಟ್ಟಿಮುಟ್ಟಾದವು. ದಾನಿಗಳು ಹಾಗಲ್ಲ. ಯಂತ್ರ ನಡೆಯುತ್ತದಾ ಎಂಬುದನ್ನು ಹಂದಿ ಹೇಳಬಲ್ಲದು, 68 ವರ್ಷದವರ ಕೊಬ್ಬು ತುಂಬಿದ ಲಿವರ್ ನಡೆಯುತ್ತದಾ ಎಂಬುದನ್ನಲ್ಲ. ಅದಕ್ಕೆ ಕಸಿಗೆ ಬೇಡವಾದ, ಮನೆಯವರು ಸಂಶೋಧನೆಗೆ ಒಪ್ಪಿಕೊಟ್ಟ ಮನುಷ್ಯರ ಲಿವರೇ ಬೇಕು.

ನಿಮ್ಮ ನೋವಿಗೆ ನನ್ನ ಉತ್ತರವೂ ಇಲ್ಲೇ ಇದೆ. ಪಂಪು, ದ್ರಾವಣ, ಶಾಖ ಇವುಗಳ ಪ್ರಶ್ನೆಗೆ ಜೀವಂತ ಪ್ರಾಣಿ ಬೇಕಿಲ್ಲ. ಮಾಂಸಕ್ಕೆಂದು ಹೇಗಿದ್ದರೂ ಕಡಿಯುವ ಹಂದಿಯ ಲಿವರ್ ಮತ್ತು ರಕ್ತವನ್ನು ಕಸಾಯಿಖಾನೆಯಿಂದ ತಂದು ಎಷ್ಟೋ ಲ್ಯಾಬ್‌ಗಳು ಕೆಲಸ ಮಾಡುತ್ತಿವೆ. ಕಸಿಯ ನಂತರ ಬದುಕುತ್ತದಾ ಎಂಬ ಕೊನೆಯ ಪ್ರಶ್ನೆಗೆ ಮಾತ್ರ ಜೀವಂತ ಪ್ರಾಣಿ ಉಳಿಯಬೇಕು, ಅದೂ ಆದಷ್ಟು ಕಡಿಮೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿ ಇದೆ. ಕಸಾಯಿಖಾನೆಯ ಲಿವರ್‌ನಿಂದ ಆಗುವ ಕೆಲಸಕ್ಕೆ ಜೀವಂತ ಹಂದಿ ಕೇಳಿದರೆ ಅನುಮತಿ ಸಿಗಬಾರದು. ಈ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ.

ಈಗ ನಿಮ್ಮ ಲಿವರ್. ವಯಸ್ಸೊಂದೇ ಅಡ್ಡಿಯಲ್ಲ, 70 ದಾಟಿದವರ ಲಿವರ್‌ಗಳೂ ಕಸಿಯಾಗಿವೆ. ಕೊಬ್ಬು ಜಾಸ್ತಿ ಇದ್ದರೆ ಐಸನ್ನು ತಡೆದುಕೊಳ್ಳುವುದು ಕಷ್ಟ. ಯಂತ್ರದಲ್ಲಿ ಪರೀಕ್ಷಿಸುವ ಸೌಲಭ್ಯ ಹೆಚ್ಚಿದಂತೆ ಇಂಥವೂ ಉಪಯೋಗಕ್ಕೆ ಬರುವ ಸಾಧ್ಯತೆ ಹೆಚ್ಚುತ್ತದೆ. ಬೇಕೋ ಬೇಡವೋ ಎಂದು ಆ ಹೊತ್ತಿನ ಡಾಕ್ಟರ್‌ಗಳು ನಿರ್ಧರಿಸಲಿ, ನೀವೇ ಮೊದಲು ಬೇಡ ಅನ್ನಬೇಡಿ. ನಮ್ಮ ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ಬರೆಸಿ. ಹೆಸರಿದ್ದರೂ ಕೊನೆಗೆ ಮನೆಯವರು ಒಪ್ಪಬೇಕು, ಹಾಗಾಗಿ ನಿಮ್ಮ ಶ್ರೀಮತಿಯವರಿಗೂ ಮಕ್ಕಳಿಗೂ ಈಗಲೇ ಹೇಳಿಡಿ. ಇನ್ನೊಂದು ಮಾತು: ಸಾವಿನ ನಂತರದ ಲಿವರ್ ದಾನ ನಮ್ಮಲ್ಲಿ ಸಾಮಾನ್ಯವಾಗಿ ಸಾಧ್ಯವಾಗುವುದು ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದು ಮಿದುಳು ನಿಷ್ಕ್ರಿಯವಾದಾಗ. ಮನೆಯಲ್ಲೇ ಜೀವ ಹೋದರೆ ಲಿವರ್ ತೆಗೆಯಲಾಗದು, ಕಣ್ಣು ಕೊಡಬಹುದು. ಅದಕ್ಕೆ ಆರು ಗಂಟೆಯೊಳಗೆ ತೆಗೆಯಬೇಕು. ನೇತ್ರ ಬ್ಯಾಂಕಿನ ಫೋನ್ ನಂಬರನ್ನು ಮನೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಬರೆದಿಡಿ.